ಸಾವಿರ ಪ್ರತಿ, ಐವತ್ತು ಪೌಂಡ್

ಮ್ಯಾಥ್ಯೂ ರೈಲಿ ತಮ್ಮ ಮೊದಲ ಕಾದಂಬರಿ ‘ಕಾಂಟೆಸ್ಟ್’ ಬರೆಯಲು ಕೂತಾಗ ವಯಸ್ಸು 19. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದರು. ಬರೆದದ್ದಕ್ಕೂ ಓದುತ್ತಿದ್ದುದಕ್ಕೂ ಸಂಬಂಧವೇ ಇಲ್ಲ. ನ್ಯೂಯಾರ್ಕಿನ ಗ್ರಂಥಾಲಯವೊಂದರೊಳಗೆ ಬೇರೆ ಬೇರೆ ಲೋಕಗಳಿಂದ ಬಂದ ಏಳು ಸ್ಪರ್ಧಿಗಳು ಕಾದಾಡಬೇಕು, ಕೊನೆಗೆ ಒಬ್ಬರೇ ಉಳಿಯಬೇಕು. ಆ ಏಳರಲ್ಲಿ ಒಬ್ಬ ಸಾಧಾರಣ ಡಾಕ್ಟರು, ಜತೆಗೆ ಅವನ ಪುಟ್ಟ ಮಗಳು. ಸಿಡ್ನಿಯ ದೊಡ್ಡ ಪ್ರಕಾಶಕರೆಲ್ಲ ಹಸ್ತಪ್ರತಿಯನ್ನು ಬೇಡವೆಂದರು. 1996ರಲ್ಲಿ ರೈಲಿ ತಾವೇ ಹಣ ಹೊಂದಿಸಿ 1,000 ಪ್ರತಿ ಅಚ್ಚು ಹಾಕಿಸಿದರು. ಆಮೇಲಿನ ಕೆಲಸ ಅಂಗಡಿಯಿಂದ ಅಂಗಡಿಗೆ ಹೋಗಿ ‘ಇದನ್ನು ಇಟ್ಟುಕೊಳ್ಳಿ’ ಎಂದು ಕೇಳುವುದು.

ನಮಗೇನೂ ಇದು ಹೊಸ ಸಂಗತಿಯಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ನಡೆಸಿದರು. ಆಗ ನಮ್ಮಲ್ಲಿ ಪ್ರಕಾಶಕರು ಇರಲಿಲ್ಲ ಅಥವಾ ಸಾಲುತ್ತಿರಲಿಲ್ಲ, ಆದ್ದರಿಂದ ಲೇಖಕ ಹೊರಲೇಬೇಕಿತ್ತು. ಸಿಡ್ನಿಯಲ್ಲಿ ಪ್ರಕಾಶಕರು ಬೇಕಾದಷ್ಟಿದ್ದರು. ಬಾಗಿಲು ತೆರೆಯಲಿಲ್ಲ, ಅಷ್ಟೇ.

ಕೊನೆಗೆ ಬಾಗಿಲು ತೆರೆದದ್ದು ಪಿಟ್ ಸ್ಟ್ರೀಟ್ ಮಾಲ್‌ನಲ್ಲಿದ್ದ ಆಂಗಸ್ ಆ್ಯಂಡ್ ರಾಬರ್ಟ್‌ಸನ್ ಪುಸ್ತಕದಂಗಡಿಯಲ್ಲಿ. ಪ್ಯಾನ್ ಮ್ಯಾಕ್‌ಮಿಲನ್ ಸಂಸ್ಥೆಯ ಸಂಪಾದಕಿ ಕೇಟ್ ಪ್ಯಾಟರ್‌ಸನ್ ಅಲ್ಲಿ ‘ಕಾಂಟೆಸ್ಟ್’ ಕೊಂಡು ಓದಿದರು. ಪುಸ್ತಕದಲ್ಲಿದ್ದ ವಿಳಾಸ ಹಿಡಿದು ಲೇಖಕನನ್ನು ಹುಡುಕಿದರು. ರೈಲಿ ಆಗಲೇ ಎರಡನೆಯ ಕಾದಂಬರಿಯಲ್ಲಿ ಮುಳುಗಿದ್ದರು: ಅಂಟಾರ್ಕ್ಟಿಕದ ಹಿಮದಲ್ಲಿ ನಡೆಯುವ ‘ಐಸ್ ಸ್ಟೇಷನ್’. ಅದು 1998ರಲ್ಲಿ ಬಂತು, ಹಲವು ಭಾಷೆಗಳಿಗೆ ಹೋಯಿತು. ಯಾರಿಗೂ ಬೇಡವಾಗಿದ್ದ ‘ಕಾಂಟೆಸ್ಟ್’ ಕೂಡ ತಿದ್ದುಪಡಿಯಾಗಿ 2000ದಲ್ಲಿ ಅದೇ ಪ್ಯಾನ್ ಮ್ಯಾಕ್‌ಮಿಲನ್‌ನಿಂದ ಹೊರಬಂತು. ಲೇಖಕನೇ ಹೊತ್ತು ತಿರುಗಿದ ಆ ಮೊದಲ ಸಾವಿರ ಪ್ರತಿಗಳಿಗೆ ಇವತ್ತು ಹಳೆಯ ಪುಸ್ತಕ ಸಂಗ್ರಹಿಸುವವರು ಒಳ್ಳೆಯ ಬೆಲೆ ಕೊಡುತ್ತಾರೆ.

ರೈಲಿಯನ್ನು ಬರವಣಿಗೆಗೆ ಎಳೆದದ್ದು ಏನು? ಶಾಲೆಯಲ್ಲಿ ಪಠ್ಯವಾಗಿದ್ದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಮತ್ತು ‘ಲಾರ್ಡ್ ಆಫ್ ದಿ ಫ್ಲೈಸ್’ ತಮ್ಮನ್ನು ಓದುಗನನ್ನಾಗಿ ಮಾಡಿದವು ಎಂದು ಅವರು ಹೇಳಿಕೊಂಡಿದ್ದಾರೆ. ಬರೆಯುವ ಆಸೆ ಹುಟ್ಟಿಸಿದ್ದು ಮೈಕೆಲ್ ಕ್ರೈಟನ್‌ನ ‘ಜುರಾಸಿಕ್ ಪಾರ್ಕ್’ ಮತ್ತು ಹಾಲಿವುಡ್‌ನ ಹೊಡೆದಾಟದ ಸಿನಿಮಾಗಳು. ತೆರೆಯ ಮೇಲೆ ಕೋಟಿಗಟ್ಟಲೆ ನುಂಗುವ ದೃಶ್ಯ ಕಾಗದದ ಮೇಲೆ ಪುಕ್ಕಟೆ. ಹಾಗಿದ್ದ ಮೇಲೆ ಕಾದಂಬರಿಕಾರ ಯಾಕೆ ಕೈ ಬಿಗಿಹಿಡಿಯಬೇಕು ಎನ್ನುವ ಹಟ ಅವರ ಪ್ರತಿ ಪುಟದಲ್ಲೂ ಇದೆ. ನಿಜ ಹೇಳಬೇಕೆಂದರೆ ಪಾತ್ರಗಳು ತೆಳು, ವಾಕ್ಯಗಳು ಸಪ್ಪೆ. ಆದರೆ ಪುಸ್ತಕ ಕೆಳಗಿಡಲು ಬಿಡುವುದಿಲ್ಲ. ಆ ವೇಗ ಸುಮ್ಮನೆ ಬಂದದ್ದಲ್ಲ, ತನಗೆ ಇಷ್ಟವಾದದ್ದನ್ನು ಬಿಚ್ಚಿ ನೋಡಿ ಕಲಿತದ್ದು.

ಹೀಗೆ ಬಿಚ್ಚಿ ನೋಡಿ ಕಲಿತ ಇನ್ನೊಬ್ಬ ಯುವಕ 110 ವರ್ಷ ಮೊದಲು ಮೆಲ್ಬರ್ನ್‌ನಲ್ಲಿದ್ದ. ಹೆಸರು ಫರ್ಗಸ್ ಹ್ಯೂಮ್. 1859ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ ಬೆಳೆದು, 1885ರಲ್ಲಿ ಮೆಲ್ಬರ್ನ್‌ಗೆ ಬಂದು ವಕೀಲರ ಕಚೇರಿಯಲ್ಲಿ ಗುಮಾಸ್ತನಾದ. ಅವನಿಗೆ ಬೇಕಾಗಿದ್ದದ್ದು ನಾಟಕರಂಗ. ನಾಟಕ ಕಂಪನಿಯವರು ಅವನು ಬರೆದದ್ದನ್ನು ಮೂಸಿಯೂ ನೋಡಲಿಲ್ಲ. ಕಾದಂಬರಿಯೊಂದು ಹೆಸರು ತಂದರೆ ನಾಟಕಕ್ಕೂ ದಾರಿಯಾದೀತು ಎಂದುಕೊಂಡು ಊರಿನ ಪುಸ್ತಕ ವ್ಯಾಪಾರಿಯೊಬ್ಬನನ್ನು ನೇರವಾಗಿ ಕೇಳಿದ: ನಿಮ್ಮಲ್ಲಿ ಯಾವ ಪುಸ್ತಕ ಹೆಚ್ಚು ಹೋಗುತ್ತದೆ? ಫ್ರೆಂಚ್ ಲೇಖಕ ಗಬೊರಿಯೊನ ಪತ್ತೇದಾರಿ ಕಾದಂಬರಿಗಳು ಎಂಬ ಉತ್ತರ ಬಂತು. ಹ್ಯೂಮ್ ಅವನ್ನೆಲ್ಲ ಕೊಂಡು ತಂದು ಓದಿದ. ಪ್ರೇರಣೆ ಎಂದರೆ ಬೆಟ್ಟದ ತುದಿಯ ಬೆಳಕು ಎಂದು ನಂಬಿದವರಿಗೆ ಈ ಕಥೆ ಒಗ್ಗಲಿಕ್ಕಿಲ್ಲ. ನನಗಂತೂ ಇದು ತುಂಬ ಪ್ರಾಮಾಣಿಕವೆನಿಸುತ್ತದೆ.

ಚೌಕಟ್ಟು ಗಬೊರಿಯೊನದಾದರೂ ತುಂಬಿದ್ದು ಮೆಲ್ಬರ್ನ್. ಚಿನ್ನದ ಹಣದಲ್ಲಿ ಮಿನುಗುತ್ತಿದ್ದ ಊರು ಅದು. ಕಾಲಿನ್ಸ್ ಸ್ಟ್ರೀಟಿನಲ್ಲಿ ಸಿರಿವಂತರ ಸಂಜೆಯ ತಿರುಗಾಟ, ಹತ್ತಿರದ ಲಿಟಲ್ ಬರ್ಕ್ ಸ್ಟ್ರೀಟಿನಲ್ಲಿ ಕೊಳೆಗೇರಿ. ಹ್ಯೂಮ್ ಎಷ್ಟೋ ರಾತ್ರಿಗಳನ್ನು ಆ ಕೊಳೆಗೇರಿಯಲ್ಲಿ ಕಳೆದು ವಿವರ ಕೂಡಿಸಿದ. ಕಾದಂಬರಿಯಲ್ಲಿ ನಡುರಾತ್ರಿ ಬಾಡಿಗೆ ಕುದುರೆಗಾಡಿಯೊಂದರಲ್ಲಿ ಹೆಣ ಸಿಗುತ್ತದೆ. ಕೊಲೆಗಾರನ ಜಾಡು ಎರಡೂ ಬೀದಿಗಳನ್ನು ಹಾದುಹೋಗುತ್ತದೆ. ಮೊದಲು ಬರೆದಾಗ ಅಪರಾಧಿ ಯಾರೆಂದು ಸುಲಭವಾಗಿ ಗೊತ್ತಾಗುತ್ತಿತ್ತು, ಅದಕ್ಕೇ ಇಡೀ ಕಥೆಯನ್ನು ಎರಡನೆಯ ಸಲ ಬರೆದೆ ಎಂದು ಅವನೇ ಮುಂದೊಂದು ಮುನ್ನುಡಿಯಲ್ಲಿ ಹೇಳಿದ್ದಾನೆ.

‘ದಿ ಮಿಸ್ಟರಿ ಆಫ್ ಎ ಹ್ಯಾನ್ಸಮ್ ಕ್ಯಾಬ್’ ಸಿದ್ಧವಾಯಿತು. ಪ್ರಕಾಶಕರು ಹಸ್ತಪ್ರತಿ ತೆರೆದೂ ನೋಡಲಿಲ್ಲ. ವಸಾಹತಿನವನೊಬ್ಬ ಓದುವಂಥದ್ದೇನು ಬರೆದಾನು ಎಂಬುದು ಅವರ ಧೋರಣೆ. 1886ರಲ್ಲಿ ಹ್ಯೂಮ್ ಸ್ವಂತ ಖರ್ಚಿನಲ್ಲಿ ಕೆಂಪ್ ಆ್ಯಂಡ್ ಬಾಯ್ಸ್ ಮುದ್ರಕರಿಂದ ಅಚ್ಚು ಹಾಕಿಸಿದ. ಬೆಲೆ ಒಂದು ಶಿಲ್ಲಿಂಗ್. ಮೂರು ವಾರದಲ್ಲಿ 5,000 ಪ್ರತಿ ಖರ್ಚಾದವೆಂದು ಅವನ ಲೆಕ್ಕ. ಲೇಖಕರ ಲೆಕ್ಕವನ್ನು ಒಂದಿಷ್ಟು ಕಡಿಮೆ ಮಾಡಿಯೇ ನಂಬಬೇಕು, ಆದರೆ ಊರು ಆ ಪುಸ್ತಕಕ್ಕೆ ಮುಗಿಬಿದ್ದದ್ದು ಸುಳ್ಳಲ್ಲ.

ಅವನು ಎಡವಿದ್ದು ಇಲ್ಲಿಂದ ಮುಂದೆ. ಪುಸ್ತಕ ಹೀಗೆ ಓಡುತ್ತಿರುವಾಗಲೇ ಅದರ ಹಕ್ಕನ್ನು 50 ಪೌಂಡ್‌ಗೆ ಮಾರಿಬಿಟ್ಟ. ಕೊಂಡವರು 1887ರಲ್ಲಿ ಲಂಡನ್ನಿನಲ್ಲಿ ‘ಹ್ಯಾನ್ಸಮ್ ಕ್ಯಾಬ್ ಪಬ್ಲಿಷಿಂಗ್ ಕಂಪನಿ’ ತೆರೆದು ಲಕ್ಷಗಟ್ಟಲೆ ಪ್ರತಿ ಮಾರಿದರು. ಅದೇ ವರ್ಷ ಷರ್ಲಾಕ್ ಹೋಮ್ಸ್ ಮೊದಲ ಬಾರಿ ಕಾಣಿಸಿಕೊಂಡ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಪ್ರಕಟವಾಯಿತು; ಅದರ ಹಕ್ಕಿಗೆ ಕಾನನ್ ಡಾಯ್ಲ್‌ಗೆ ಸಿಕ್ಕಿದ್ದು 25 ಪೌಂಡ್. ಡಾಯ್ಲ್ ಮುಂದೆ ಚೇತರಿಸಿಕೊಂಡ. ಹ್ಯೂಮ್ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ಕಾದಂಬರಿ ಬರೆದ, 1932ರಲ್ಲಿ ತೀರಿಕೊಂಡ. ಆ ಮೊದಲ ಪುಸ್ತಕದ ಯಶಸ್ಸು ಮತ್ತೆ ಬರಲಿಲ್ಲ. ಮೆಲ್ಬರ್ನ್‌ನ ಮೊದಲ ಮುದ್ರಣದ ಪ್ರತಿಗಳು ಇಂದು ಬೆರಳೆಣಿಕೆಯಷ್ಟು ಉಳಿದಿವೆ. ಮೆಲ್ಬರ್ನ್‌ನ ಲೇಖಕಿ ಲೂಸಿ ಸಸೆಕ್ಸ್ ಈ ಪುಸ್ತಕದ ಬಗ್ಗೆಯೇ ‘ಬ್ಲಾಕ್‌ಬಸ್ಟರ್!’ ಎಂಬ ಪುಸ್ತಕ ಬರೆದಿದ್ದಾರೆ. ಹ್ಯೂಮನ ಕಾದಂಬರಿಯನ್ನು ನಾನು ರೈಲಿಯದಕ್ಕಿಂತ ಮೇಲೆ ಇಡುತ್ತೇನೆ. ವ್ಯವಹಾರಕ್ಕೆ ಬಂದರೆ ಲೆಕ್ಕ ತಿರುಗುಮುರುಗು.

ಸ್ವಂತ ಪ್ರಕಟಣೆಯ ಸಾಹಸವನ್ನು ಕೊಂಡಾಡುವವರು ಅಚ್ಚಿನ ತನಕ ಹೇಳಿ ನಿಲ್ಲಿಸುತ್ತಾರೆ. ಅಚ್ಚು ಹಾಕಿಸುವುದು ಸುಲಭದ ಭಾಗ. ಮೊದಲ ಗೆಲುವು ಕಂಡಾಗ ಹಕ್ಕುಪತ್ರಕ್ಕೆ ಸಹಿ ಹಾಕದೆ ಕಾಯುವುದೇ ಕಷ್ಟ, ಅದರಲ್ಲೂ ಸಾಲ ಮಾಡಿ ಅಚ್ಚು ಹಾಕಿಸಿದ ಎಳೆಯರಿಗೆ.

ರೈಲಿ ಪುಸ್ತಕ ಇಟ್ಟಿದ್ದಂಥ ಆಂಗಸ್ ಆ್ಯಂಡ್ ರಾಬರ್ಟ್‌ಸನ್ ಮಳಿಗೆಗಳು 2011ರಲ್ಲಿ ಒಡೆತನದ ಕಂಪನಿ ಮುಳುಗಿದಾಗ ಮುಚ್ಚಿಹೋದವು. ಸಂಪಾದಕಿ ಅಂಗಡಿ ಹೊಕ್ಕು ಅಚಾನಕ್ಕಾಗಿ ಕೈಗೆತ್ತಿಕೊಳ್ಳುವ ಅವಕಾಶ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಈಗಿನ ಯುವ ಲೇಖಕರು ಬೇಡಿಕೆ ಬಂದಷ್ಟೇ ಪ್ರತಿ ಅಚ್ಚು ಹಾಕಿಸಬಹುದು, ಇ-ಪುಸ್ತಕ ತರಬಹುದು. ಮನೆಯ ಮಂಚದಡಿ ಕಟ್ಟುಗಳು ಕೊಳೆಯಬೇಕಿಲ್ಲ. ಹಾಗೆಂದು ಎಲ್ಲವೂ ಅಗ್ಗವಲ್ಲ. ಭಾರತದಲ್ಲಿ ಐಎಸ್‌ಬಿಎನ್ ಸಂಖ್ಯೆ ಉಚಿತ, ಆಸ್ಟ್ರೇಲಿಯದಲ್ಲಿ ಹಣ ಕೊಟ್ಟು ಕೊಳ್ಳಬೇಕು.

ನಾವು ಹೊಟ್ಟೆಕಿಚ್ಚು ಪಡಬೇಕಾದ ಏರ್ಪಾಡೂ ಅಲ್ಲಿದೆ. 1985ರ ಕಾಯ್ದೆಯ ಪ್ರಕಾರ, ಸಾರ್ವಜನಿಕ ಗ್ರಂಥಾಲಯಗಳಲ್ಲಿ ಪುಸ್ತಕ ಪುಕ್ಕಟೆ ಓದಲು ಸಿಗುವುದರಿಂದ ಲೇಖಕರಿಗೆ ಆಗುವ ನಷ್ಟಕ್ಕೆ ಸರ್ಕಾರ ಹಣ ಕೊಡುತ್ತದೆ. ನಿಗದಿತ ಸಂಖ್ಯೆಯ ಪ್ರತಿಗಳು ಗ್ರಂಥಾಲಯಗಳಲ್ಲಿದ್ದರೆ ಸ್ವಂತವಾಗಿ ಪ್ರಕಟಿಸಿದವರೂ ಅದಕ್ಕೆ ಅರ್ಹರು. ನಮ್ಮಲ್ಲಿ ಗ್ರಂಥಾಲಯ ಇಲಾಖೆ ಒಮ್ಮೆ ಸಗಟಾಗಿ ಕೊಂಡರೆ ಅಲ್ಲಿಗೆ ಮುಗಿಯಿತು, ಆಮೇಲೆ ಎಷ್ಟು ಜನ ಓದಿದರೂ ಲೇಖಕರಿಗೆ ಬಿಡಿಗಾಸಿಲ್ಲ.

ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಕೂತು ಕನ್ನಡದಲ್ಲಿ ಬರೆಯುವವರು ಅಲ್ಲೇ ಪುಸ್ತಕ ಪ್ರಕಟಿಸಿದರೆ ಇನ್ನೊಂದು ನಿಯಮ ಅನ್ವಯಿಸುತ್ತದೆ. ಒಂದು ತಿಂಗಳೊಳಗೆ ಒಂದು ಪ್ರತಿ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕು. ಆಯಾ ರಾಜ್ಯದ ಗ್ರಂಥಾಲಯಕ್ಕೂ ಪ್ರತ್ಯೇಕವಾಗಿ ಪ್ರತಿ ಕೊಡಬೇಕು. ಭಾಷೆ ಯಾವುದೇ ಇರಲಿ, ಪ್ರಕಾಶಕ ಯಾರೇ ಇರಲಿ, ಅಚ್ಚಾದದ್ದು ನೂರೇ ಪ್ರತಿಯಿರಲಿ, ಈ ನಿಯಮಕ್ಕೆ ವಿನಾಯಿತಿಯಿಲ್ಲ.