ಈ 245 ಯಾವ ಊರಿನ ಮಳೆ?

ಮಲೆನಾಡಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ಇಂಚಿಗೆ ನೂರು ಸೆಂಟು. ‘ನಿನ್ನೆ ನಮ್ಮಲ್ಲಿ ಎರಡೂವರೆ ಇಂಚು’ ಎಂದು ಒಬ್ಬರು ಫೋನಿನಲ್ಲಿ ಹೇಳಿದರೆ, ಅತ್ತಲಿನವರು ‘ನಮಗೆ ಬರೀ ಎಂಬತ್ತು ಸೆಂಟು’ ಎಂದು ಕೊರಗುತ್ತಾರೆ. ವರ್ಷಗಟ್ಟಲೆ ಬರೆದಿಟ್ಟ ಮಳೆ ಪುಸ್ತಕಗಳು ಎಷ್ಟೋ ಮನೆಗಳ ಬೀರುವಿನಲ್ಲಿವೆ. ಅಜ್ಜ ಬರೆದಿಟ್ಟ ಅಂಥದ್ದೊಂದನ್ನು ಮೊಮ್ಮಗಳೊಬ್ಬಳು ಎಕ್ಸೆಲ್‌ಗೆ ಇಳಿಸಿ, ಹವಾಮಾನ ಅಧ್ಯಯನ ಮಾಡುವವರಿಗೆ ಕಳಿಸಿದಳು ಎಂದಿಟ್ಟುಕೊಳ್ಳಿ. ಅದರಲ್ಲಿ ಜುಲೈ 5ರ ಎದುರು 245 ಎಂದಿದೆ.

ಏನಿದು 245? ಸೆಂಟು ಎಂದಾದರೆ ಸುಮಾರು 62 ಮಿಲಿಮೀಟರ್ ಮಳೆ. ಮಿಲಿಮೀಟರೇ ಆದರೆ ಹೆಚ್ಚುಕಡಿಮೆ ಅದರ ನಾಲ್ಕು ಪಟ್ಟು. ಜುಲೈ ತಿಂಗಳ ಮಲೆನಾಡಿನಲ್ಲಿ ಎರಡೂ ನಂಬುವಂಥವೇ. ಹಾಗಾಗಿ ಬರೀ ಅಂಕಿ ನೋಡಿ ಯಾವುದೆಂದು ಹೇಳುವಂತಿಲ್ಲ. ಮಳೆ ಬಿದ್ದದ್ದು ಯಾವ ದಿನ ಎನ್ನುವುದೂ ನೇರ ಪ್ರಶ್ನೆಯಲ್ಲ. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8.30ಕ್ಕೆ ಅಳೆದ, ಹಿಂದಿನ 24 ಗಂಟೆಗಳ ಮಳೆ ಅಳೆದ ದಿನದ ಲೆಕ್ಕಕ್ಕೆ ಹೋಗುತ್ತದೆ. ಅಜ್ಜ ‘ಇದು ನಿನ್ನೆಯ ಮಳೆ’ ಎಂದು ಹಿಂದಿನ ದಿನದ ಸಾಲಿನಲ್ಲಿ ಬರೆಯುತ್ತಿದ್ದರೆ ಇಡೀ ಪುಸ್ತಕವೇ ಒಂದು ದಿನ ಆಚೀಚೆ. ಅಜ್ಜನಿಗೆ ಇದೆಲ್ಲ ಗೊತ್ತಿತ್ತು, ಅದಕ್ಕೇ ಬರೆಯಲಿಲ್ಲ.

ಪ್ರಯೋಗಾಲಯಗಳಲ್ಲೂ ಇದೇ ಕಥೆ. ಕಡತದ ಜೊತೆ ‘ರೀಡ್‌ಮಿ’ ಎಂಬ ಚೀಟಿ ಇಡುವುದು ಅಲ್ಲಿನ ಹಳೆಯ ರೂಢಿ. ಒಬ್ಬರು ಕೂತು ಓದುವುದಕ್ಕೆ ಅದು ಸಾಕು. ಐನೂರು ತೋಟಗಳಿಂದ ಐನೂರು ಚೀಟಿ ಬಂದರೆ ಕಂಪ್ಯೂಟರು ಕಕ್ಕಾಬಿಕ್ಕಿ. ಊರಿನ ಹೆಸರು ಹೊಸಹಳ್ಳಿ ಎಂದಿದ್ದರೆ ಕರ್ನಾಟಕದಲ್ಲಿ ಯಾವ ಹೊಸಹಳ್ಳಿ? ಒಂದು ಚೀಟಿಯಲ್ಲಿ ಮಂಜುನಾಥ ಕೆ., ಇನ್ನೊಂದರಲ್ಲಿ ಕೆ. ಮಂಜುನಾಥ್. ಇವರು ಒಬ್ಬರೋ ಇಬ್ಬರೋ?

ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 2006ರಲ್ಲಿ ಬರೆದ ಟಿಪ್ಪಣಿಯೊಂದರಲ್ಲಿ ಇದಕ್ಕೆ ದಾರಿ ಹೇಳಿದರು. ವಸ್ತುಗಳನ್ನು ಹೆಸರಿನಿಂದಲ್ಲ, ವೆಬ್ ವಿಳಾಸದಿಂದ ಗುರುತಿಸಿ; ಆ ವಿಳಾಸಕ್ಕೆ ಹೋದರೆ ಉಪಯುಕ್ತ ಮಾಹಿತಿ ಸಿಗಲಿ; ಅಲ್ಲಿಂದ ಬೇರೆ ವಿಳಾಸಗಳಿಗೆ ಕೊಂಡಿಗಳಿರಲಿ. ಇದೇ ಲಿಂಕ್ಡ್ ಡೇಟಾ. ಮಂಜುನಾಥರ ಬದಲು ಅವರ ಆರ್ಕಿಡ್ ಸಂಖ್ಯೆ, ಅಂದರೆ ಸಂಶೋಧಕರಿಗೆ 2012ರಿಂದ ಕೊಡಲಾಗುತ್ತಿರುವ 16 ಅಂಕೆಗಳ ಗುರುತು. ಹೊಸಹಳ್ಳಿಯ ಬದಲು ಸ್ಥಳನಾಮಗಳ ಕೋಶವೊಂದರಲ್ಲಿ ಆ ಒಂದೇ ಹೊಸಹಳ್ಳಿಗಿರುವ ವಿಳಾಸ. ಹೇಳಬೇಕಾದ್ದೆಲ್ಲ ಮೂರು ತುಂಡಿನ ವಾಕ್ಯವಾಗುತ್ತದೆ: ‘ಈ ಕಡತ – ಬರೆದವರು – ಇವರು’, ‘ಈ ಮಳೆಮಾಪಕ – ಇರುವ ಜಾಗ – ಇದು’.

ಕೇಳಲು ಸುಲಭ. ಕೈಯಲ್ಲಿ ಬರೆಯಲು ಕೂತರೆ ವಿಳಾಸ, ಆವರಣಚಿಹ್ನೆ, ಅಲ್ಪವಿರಾಮಗಳಲ್ಲೇ ಸಂಜೆಯಾಗುತ್ತದೆ. ಆ ಗುಮಾಸ್ತಿಕೆಗಾಗಿ ಇರುವುದೇ ಸಾಫ್ಟ್‌ವೇರ್ ಲೈಬ್ರರಿಗಳು. ಅವುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಪೈಥಾನ್ ಭಾಷೆಯ ‘ಆರ್‌ಒ-ಕ್ರೇಟ್-ಪೈ’. ಕ್ರೇಟ್ ಎಂದರೆ ನಮ್ಮ ಟೊಮೆಟೊ ಕ್ರೇಟೇ. ಆರ್‌ಒ ಎಂದರೆ ರಿಸರ್ಚ್ ಆಬ್ಜೆಕ್ಟ್. ಮ್ಯಾಂಚೆಸ್ಟರ್ ಕಡೆಯ ರಿಸರ್ಚ್ ಆಬ್ಜೆಕ್ಟ್ ಕೆಲಸವೂ ಸಿಡ್ನಿಯಲ್ಲಿ ಬೆಳೆದ ಡೇಟಾಕ್ರೇಟ್ ಎಂಬ ಪ್ರಯತ್ನವೂ ಕೂಡಿ ಕಡತಗಳನ್ನು ವಿವರಗಳೊಡನೆ ಒಂದೇ ಕಟ್ಟಾಗಿ ಇಡಲು ಆರ್‌ಒ-ಕ್ರೇಟ್ ಎಂಬ ನಿಯಮಾವಳಿ ಹುಟ್ಟಿತು. ಮೊದಲ ಆವೃತ್ತಿ 2019ರದು. ಅದನ್ನು ಪಾಲಿಸುವ ಈ ಲೈಬ್ರರಿ ಉಚಿತ, ಮುಕ್ತ ಆಕರದ್ದು.

ಇದು ನಿಮ್ಮ ದತ್ತಾಂಶವನ್ನು ಮುಟ್ಟುವುದಿಲ್ಲ. ನನಗೆ ಹಿಡಿಸಿದ್ದೇ ಅದು. ಎಕ್ಸೆಲ್ ಎಕ್ಸೆಲ್ ಆಗಿಯೇ, ಪುಸ್ತಕದ ಪುಟಗಳ ಫೋಟೊ ಫೋಟೊ ಆಗಿಯೇ ಉಳಿಯುತ್ತವೆ. ಫೋಲ್ಡರಿಗೆ ಒಂದೇ ಒಂದು ಹೊಸ ಕಡತ ಸೇರುತ್ತದೆ. ಆ ಮೆಟಾಡೇಟಾ ಕಡತ, ಅಂದರೆ ದತ್ತಾಂಶದ ಬಗೆಗಿನ ವಿವರಗಳ ಕಡತ, ಇರುವುದು ಜೆಸನ್-ಎಲ್‌ಡಿ ಎಂಬ ರೂಪದಲ್ಲಿ. ಮಾಮೂಲಿ ಜೆಸನ್ ಬಲ್ಲವರು ಅದನ್ನು ಹಾಗೇ ಓದಬಹುದು; ಲಿಂಕ್ಡ್ ಡೇಟಾ ಬಲ್ಲ ಯಂತ್ರ ಅದರಲ್ಲೇ ಮೂರು ತುಂಡಿನ ವಾಕ್ಯಗಳನ್ನು ಕಾಣುತ್ತದೆ.

ಆ ಕಡತದಲ್ಲಿ ಗೂಡಿನೊಳಗೆ ಗೂಡು ಇಲ್ಲ. ಫೋಲ್ಡರು, ಪ್ರತಿ ಕಡತ, ಪ್ರತಿ ವ್ಯಕ್ತಿ, ಪ್ರತಿ ಜಾಗ, ಎಲ್ಲವೂ ಒಂದೇ ಪಟ್ಟಿಯಲ್ಲಿ ಸಾಲಾಗಿ ಕೂರುತ್ತವೆ, ಪ್ರತಿಯೊಂದಕ್ಕೂ ಒಂದು ಐಡಿ. ಕಡತದ ನಮೂದಿನಲ್ಲಿ ‘ಬರೆದವರು’ ಎಂಬಲ್ಲಿ ಹೆಸರಿರುವುದಿಲ್ಲ, ವ್ಯಕ್ತಿಯ ಐಡಿ ಇರುತ್ತದೆ. ಅಜ್ಜನ ಹೆಸರಿನ ಕಾಗುಣಿತ ತಿದ್ದಬೇಕಾದರೆ ಒಂದು ಕಡೆ ತಿದ್ದಿದರೆ ಸಾಕು.

ಬಳಕೆ ಹೀಗೆ. ಲೈಬ್ರರಿಯನ್ನು ಹಾಕಿಕೊಂಡು, ಟರ್ಮಿನಲ್‌ನಲ್ಲಿ ಫೋಲ್ಡರಿನೊಳಗೆ ಹೋಗಿ ‘ರೋಕ್ರೇಟ್ ಇನಿಟ್’ ಆಜ್ಞೆ ಕೊಟ್ಟರೆ ಅಲ್ಲಿರುವ ಕಡತಗಳೆಲ್ಲ ಪಟ್ಟಿಗೆ ಸೇರುತ್ತವೆ. ಆಮೇಲೆ ನಾಲ್ಕಾರು ಸಾಲಿನ ಪೈಥಾನಿನಲ್ಲಿ ಒಬ್ಬ ವ್ಯಕ್ತಿ, ಒಂದು ಜಾಗ, ಒಂದು ಉಪಕರಣ ಸೇರಿಸಿ, ಯಾವುದಕ್ಕೆ ಯಾವುದು ಎಂದು ಕೊಂಡಿ ಹಾಕಿ, ಫೋಲ್ಡರಾಗಿ ಅಥವಾ ಜಿಪ್ ಆಗಿ ಬರೆಸಬೇಕು. ಅಜ್ಜನಿಗೆ ಆರ್ಕಿಡ್ ಎಲ್ಲಿಂದ ಬರಬೇಕು ಎನ್ನುತ್ತೀರಾ? ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಸ್ಥಳೀಯ ಐಡಿ ಸಾಕು; ಕ್ರೇಟಿನೊಳಗೆ ಅದು ಸಲ್ಲುತ್ತದೆ. ದೊಡ್ಡ ಕಡತಗಳು ಬೇರೆಲ್ಲೋ ಸರ್ವರಿನಲ್ಲಿದ್ದರೆ ನಕಲಿಸದೆ ವಿಳಾಸವನ್ನಷ್ಟೇ ಬರೆದಿಡಬಹುದು.

ಇನ್ನು ಮಳೆಯ ಲೆಕ್ಕದ ಹೃದಯಕ್ಕೆ ಬರೋಣ. ಮೊಮ್ಮಗಳು ಸೆಂಟನ್ನು ಮಿಲಿಮೀಟರಿಗೆ ಪರಿವರ್ತಿಸಿದ ಎರಡನೆಯ ಕಡತವನ್ನೂ ಇಟ್ಟಿದ್ದಾಳೆ ಎನ್ನಿ. ಆ ಪರಿವರ್ತನೆಯನ್ನೇ ಒಂದು ‘ಕ್ರಿಯೆ’ಯಾಗಿ ದಾಖಲಿಸಬಹುದು: ಮಾಡಿದವಳು ಯಾರು, ಯಾವ ಕಡತ ಒಳಗೆ ಹೋಯಿತು, ಯಾವ ಪ್ರೋಗ್ರಾಮು ಬಳಸಿದಳು, ಯಾವ ಕಡತ ಹೊರಬಂತು. ನಾಳೆ 0.254ರಿಂದ ಗುಣಿಸುವಾಗ ತಪ್ಪಾಗಿದೆ ಎಂದು ತಿಳಿದರೆ, ಆ ಪ್ರೋಗ್ರಾಮಿನಿಂದ ಹೊರಬಂದ ಕಡತಗಳನ್ನೆಲ್ಲ ಕೊಂಡಿ ಹಿಡಿದು ಹುಡುಕಬಹುದು. ಜೀವವಿಜ್ಞಾನಿಗಳು ಬಳಸುವ ಗ್ಯಾಲಕ್ಸಿ ಎಂಬ ವ್ಯವಸ್ಥೆ ತನ್ನ ಲೆಕ್ಕಾಚಾರಗಳ ಇತಿಹಾಸವನ್ನು ಇಂಥ ಕ್ರೇಟಾಗಿಯೇ ಹೊರಕ್ಕೆ ಕೊಡಬಲ್ಲದು.

ಈಗ ಎಡವುವ ಜಾಗಗಳು. ಐಡಿ ಕೊಡದೆ ವ್ಯಕ್ತಿಯನ್ನು ಸೇರಿಸಿದರೆ ಲೈಬ್ರರಿ ತಾನೇ ಒಂದು ಯಾದೃಚ್ಛಿಕ ಐಡಿ ಹುಟ್ಟಿಸುತ್ತದೆ. ಹಾಗೆ ಎರಡು ಸಲ ಸೇರಿಸಿದರೆ ಒಬ್ಬ ಅಜ್ಜ ಇಬ್ಬರಾಗುತ್ತಾರೆ. ಯಾವ ಸಮಸ್ಯೆ ಬಿಡಿಸಲು ಹೊರಟೆವೋ ಅದೇ ಹಿಂಬಾಗಿಲಿನಿಂದ ಒಳಗೆ ಬಂದ ಹಾಗೆ.

ಇನ್ನೊಂದು ಹೆಚ್ಚು ಕಪಟಿ. ಜೆಸನ್-ಎಲ್‌ಡಿಯ ತಲೆಯಲ್ಲಿ ‘ಕಾಂಟೆಕ್ಸ್ಟ್’ ಎಂಬ ಸಾಲಿರುತ್ತದೆ. ‘ಹೆಸರು’, ‘ಲೇಖಕ’ ಮುಂತಾದ ಪದಗಳಿಗೆ ಯಾವ ನಿಘಂಟಿನ ಅರ್ಥ ಎಂದು ಹೇಳುವ ಸಾಲು ಅದು. ಆರ್‌ಒ-ಕ್ರೇಟ್ ಬಹುಪಾಲು ಎರವಲು ಪಡೆಯುವುದು ಗೂಗಲ್, ಮೈಕ್ರೋಸಾಫ್ಟ್, ಯಾಹೂ ಸೇರಿ 2011ರಲ್ಲಿ ಶುರುಮಾಡಿದ ಸ್ಕೀಮಾ ಡಾಟ್ ಆರ್ಗ್ ಪದಕೋಶದಿಂದ. ನೀವು ‘ಮಳೆಸೆಂಟು’ ಎಂಬ ಪದವನ್ನು ಸ್ವಂತ ಬುದ್ಧಿಯಿಂದ ಸೇರಿಸಿದಿರಿ ಎನ್ನಿ. ಲೈಬ್ರರಿ ಚಕಾರ ಎತ್ತದೆ ಬರೆದುಕೊಳ್ಳುತ್ತದೆ. ಕಡತ ತೆರೆದು ನೋಡಿದರೆ ಪದ ಕಾಣುತ್ತದೆ. ಆದರೆ ಮೂರು ತುಂಡಿನ ವಾಕ್ಯಗಳಾಗಿ ಬದಲಿಸುವಾಗ, ಕಾಂಟೆಕ್ಸ್ಟ್‌ನಲ್ಲಿಲ್ಲದ ಪದವನ್ನು ಯಂತ್ರ ಸದ್ದಿಲ್ಲದೆ ಉದುರಿಸಿಬಿಡುತ್ತದೆ. ಅಕ್ಷರ ತಪ್ಪಿದರೂ ಇದೇ ಗತಿ. ಹೊಸ ಪದ ಬೇಕೇ ಬೇಕು ಎಂದಾದರೆ ಅದಕ್ಕೊಂದು ವಿಳಾಸ ಕೊಟ್ಟು ಕಾಂಟೆಕ್ಸ್ಟ್‌ಗೆ ಸೇರಿಸಬೇಕು. ಲೈಬ್ರರಿಯಲ್ಲಿ ಅದಕ್ಕೆ ಜಾಗವಿದೆ. ಅಳತೆಗೆ ಹೊಸ ಪದ ಹುಟ್ಟಿಸುವ ಮೊದಲು ಸ್ಕೀಮಾದಲ್ಲೇ ಹುಡುಕಿ. ‘ಅಳೆದದ್ದು ಏನು’, ‘ಯಾವ ಮಾನದಲ್ಲಿ’ ಎರಡಕ್ಕೂ ಅಲ್ಲಿ ಪದಗಳಿವೆ. ಮಾನದ ಜಾಗದಲ್ಲಿ ‘ಇಂಚಿನ ನೂರನೇ ಒಂದು ಪಾಲು’ ಎಂದು ಬರೆದರೆ 245ರ ಗೊಂದಲ ಮುಗಿಯಿತು.

ಎಕ್ಸೆಲ್‌ನ ಒಂದೊಂದು ಕಾಲಮ್ಮನ್ನೂ ವಿವರಿಸುವುದು ಈ ಲೈಬ್ರರಿಯ ಮುಖ್ಯ ಕೆಲಸವಲ್ಲ. ಅದು ಕಡತದ ಬಾಗಿಲವರೆಗೆ ಚೆನ್ನಾಗಿ ಬರುತ್ತದೆ. ಹಾಳೆಯನ್ನು ಸಿಎಸ್‌ವಿ ಎಂಬ ಸರಳ ಪಠ್ಯರೂಪದಲ್ಲಿ ಉಳಿಸಿಕೊಂಡರೆ ಒಳಗಿನ ಕಾಲಮ್ಮುಗಳಿಗೆ 2015ರ ‘ಸಿಎಸ್‌ವಿ ಆನ್ ದಿ ವೆಬ್’ ಎಂಬ ಬೇರೆ ಮಾನದಂಡ ಇದೆ, ಅದನ್ನು ಜೊತೆಗೆ ಹೊಲಿಯಬಹುದು. ಒಂದು ತೋಟದ ಒಂದು ಪುಸ್ತಕಕ್ಕೆ ಅಷ್ಟು ಸಡಗರ ಬೇಡ; ಐನೂರು ತೋಟಗಳಿದ್ದರೆ ಬೇಕು.

ಫೋಲ್ಡರಿಗೆ ಶೀರ್ಷಿಕೆ, ವಿವರಣೆ, ಪ್ರಕಟಣೆಯ ದಿನಾಂಕ, ಪರವಾನಗಿ ಈ ನಾಲ್ಕೂ ಇರಬೇಕೆಂದು ನಿಯಮಾವಳಿ ಹೇಳುತ್ತದೆ. ದಿನಾಂಕವನ್ನು ಲೈಬ್ರರಿ ತಾನೇ ತುಂಬುತ್ತದೆ. ತುಂಬುವುದು ಇವತ್ತಿನ ದಿನಾಂಕ, ಗಮನಿಸಿ. ಉಳಿದ ಮೂರು ಖಾಲಿಯಿದ್ದರೂ ಕ್ರೇಟು ಬರೆದುಕೊಡುತ್ತದೆ. ಮರೆತುಹೋಗುವುದು ಹೆಚ್ಚಾಗಿ ಪರವಾನಗಿ. ಅದಿಲ್ಲದ ದತ್ತಾಂಶವನ್ನು ಬಳಸಬಹುದೋ ಇಲ್ಲವೋ ಎಂದು ಓದಿದವರಿಗೆ ತಿಳಿಯದು. ಕ್ರಿಯೇಟಿವ್ ಕಾಮನ್ಸ್‌ನ ಪರವಾನಗಿಗಳಲ್ಲಿ ಒಂದರ ವಿಳಾಸ ಹಾಕಿದರೆ ಆಯಿತು. ಹಾಕುವ ಮೊದಲು ಮೊಮ್ಮಗಳು ಮನೆಗೊಂದು ಫೋನು ಮಾಡಿ ಪುಸ್ತಕದ ವಾರಸುದಾರರ ಒಪ್ಪಿಗೆ ಕೇಳಲಿ. ಹಾಗೇ ಅಜ್ಜಿಯನ್ನೂ ಕೇಳಲಿ, ಅಜ್ಜ ಮಳೆಮಾಪಕದ ಹತ್ತಿರ ಹೋಗುತ್ತಿದ್ದದ್ದು ಕಾಫಿಗೆ ಮುಂಚೆಯೋ ಆಮೇಲೋ ಎಂದು.