ಬೆಟ್ಟದ ಬೈಸಿಕಲ್ಲೂ ಭಾರದ ವಿವೇಕವೂ

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತಕ್ಕೆ ಸೇರಿದ ಮರಿನ್ ಕೌಂಟಿಯ ಗುಡ್ಡಗಳಲ್ಲಿ, 1970ರ ದಶಕದ ನಡುಭಾಗದಲ್ಲಿ, ಕೆಲವು ತರುಣರು ಶ್ವಿನ್ ಕಂಪನಿಯ ದಪ್ಪ ಟೈರಿನ ಹಳೆಯ ಬೈಸಿಕಲ್ಲುಗಳನ್ನು ಹುಡುಕಿ ತಂದು, ಕಾಡಿನ ಮಣ್ಣುದಾರಿಗಳಲ್ಲಿ ಇಳಿಜಾರಿನ ಪಂದ್ಯವನ್ನು ಹೂಡಿದರು. 1976ರಲ್ಲಿ ಆರಂಭವಾದ ರೀಪ್ಯಾಕ್ ಎಂಬ ಆ ಪಂದ್ಯದಲ್ಲಿ ಗುಡ್ಡದ ಬುಡವನ್ನು ಮುಟ್ಟುವ ಹೊತ್ತಿಗೆ ಹಿಂದಿನ ಗಾಲಿಯ ಹಬ್ಬಿನೊಳಗಿನ ಬ್ರೇಕು ಕೆಂಡದಂತೆ ಕಾದು, ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಇಳಿಯುವುದಕ್ಕೆ ಒದಗಿದ ಆ ಯಂತ್ರಗಳು ಏರುವುದಕ್ಕೆ ಒದಗುವಂತಿರಲಿಲ್ಲ. ತಳ್ಳಿಕೊಂಡೋ ಟ್ರಕ್ಕಿನಲ್ಲಿ ಹೇರಿಕೊಂಡೋ ಅವನ್ನು ಶಿಖರಕ್ಕೆ ಸಾಗಿಸಬೇಕಾಗಿತ್ತು. 1977ರಲ್ಲಿ ಜೋ ಬ್ರೀಜ್ ಎಂಬವರು ಕ್ರೋಮಿಯಂ-ಮಾಲಿಬ್ಡಿನಂ ಬೆರೆತ ಉಕ್ಕಿನ ಕೊಳವೆಗಳಿಂದ ಈ ಕಾರ್ಯಕ್ಕೆಂದೇ ಹೊಸ ಫ್ರೇಮನ್ನು ಕಟ್ಟಿದ ಮೇಲೆ, ಏರುವ ಮತ್ತು ಇಳಿಯುವ ಎರಡು ವಿದ್ಯೆಗಳೂ ಒಂದೇ ವಾಹನದಲ್ಲಿ ಕೂಡುವ ದಾರಿ ತೆರೆಯಿತು. ಏರು, ಇಳಿವು, ಬೇರು, ಬಂಡೆ, ತಿರುವುಗಳೆಲ್ಲವನ್ನೂ ಒಳಗೊಂಡ ಹಾದಿಯನ್ನು ಸುತ್ತುಸುತ್ತಾಗಿ ಕ್ರಮಿಸುವ ಕ್ರಾಸ್‌ಕಂಟ್ರಿ ಸ್ಪರ್ಧೆ 1996ರಲ್ಲಿ ಅಟ್ಲಾಂಟಾದ ಒಲಿಂಪಿಕ್ಸಿನೊಳಕ್ಕೂ ಬಂದಿತು.

ಈ ಬಗೆಯ ಬೈಸಿಕಲ್ಲಿಗೆ ಲಾಘವವೇ ಪರಮ ಗುಣವೆಂಬ ನಂಬಿಕೆ ಸವಾರರಲ್ಲಿ ಬಲವಾಗಿ ಬೇರೂರಿದೆ. ಅಂಗಡಿಯಲ್ಲಿ ಸಾಮಾನ್ಯ ಬೆಲೆಗೆ ದೊರೆಯುವ ಗಾಡಿ 13-14 ಕಿಲೋ ತೂಗಿದರೆ, ಸ್ಪರ್ಧೆಗೆಂದು ಕಟ್ಟಿದ್ದು 9-10 ಕಿಲೋ ತೂಗುತ್ತದೆ. ನಡುವಣ ಈ ಮೂರು ನಾಲ್ಕು ಕಿಲೋಗಳಿಗಾಗಿ ವ್ಯಯವಾಗುವ ಹಣ ಅಲ್ಪವಲ್ಲವಾದುದರಿಂದ, ಅದರ ಫಲವೇನೆಂಬುದನ್ನು ಮೊದಲೇ ಎಣಿಸಿ ನೋಡುವುದು ಯುಕ್ತ. ಸವಾರನು 65 ಕಿಲೋ, ಬೈಸಿಕಲ್ಲು 13 ಕಿಲೋ, ನೀರು ಮತ್ತು ಸಲಕರಣೆಗಳು 2 ಕಿಲೋ ಎಂದು ಭಾವಿಸಿದರೆ ಒಟ್ಟು ಭಾರ 80 ಕಿಲೋ. ಬೈಸಿಕಲ್ಲನ್ನು 10 ಕಿಲೋಗೆ ಇಳಿಸಿದಲ್ಲಿ ಒಟ್ಟಿನಲ್ಲಿ ತಗ್ಗಿದ್ದು ನೂರಕ್ಕೆ ನಾಲ್ಕು ಪಾಲಿಗಿಂತ ತುಸು ಕಡಮೆ. ನಲವತ್ತು ನಿಮಿಷ ಹಿಡಿಯುವ ಕಡಿದಾದ ಏರಿನಲ್ಲಿ, ಅದೇ ಶ್ರಮಕ್ಕೆ, ಇದರಿಂದ ಉಳಿಯುವುದು ಸುಮಾರು ಒಂದೂವರೆ ನಿಮಿಷ. ಸ್ಪರ್ಧಿಗೆ ಇದು ಬಹು ದೊಡ್ಡ ಲಾಭ. ಸಮತಟ್ಟಾದ ನೆಲದಲ್ಲಾದರೋ ಇದು ಇಲ್ಲವೆನ್ನುವಷ್ಟು ಕಿರಿದು.

ತೂಕವೊಂದೇ ಜಯವನ್ನು ನಿರ್ಣಯಿಸುವುದಿಲ್ಲವೆಂಬುದಕ್ಕೆ 2012ರ ಲಂಡನ್ ಒಲಿಂಪಿಕ್ಸಿನ ಪುರುಷರ ಸ್ಪರ್ಧೆಯೇ ಸಾಕ್ಷಿ. ಸ್ವಿಟ್ಸರ್ಲೆಂಡಿನ ನೀನೋ ಶುರ್ಟರ್ ಅವರು ಹಿಂಬದಿಗೆ ಸಸ್ಪೆನ್ಷನ್ ಇಲ್ಲದ, 27.5 ಅಂಗುಲದ ಗಾಲಿಗಳ ಹಗುರವಾದ ಬೈಸಿಕಲ್ಲನ್ನೂ, ಚೆಕ್ ದೇಶದ ಯಾರೋಸ್ಲಾವ್ ಕುಲ್ಹಾವಿ ಅವರು ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇದ್ದ, 29 ಅಂಗುಲದ ಗಾಲಿಗಳ ಬೈಸಿಕಲ್ಲನ್ನೂ ಏರಿದ್ದರು. ಸುಮಾರು ಒಂದೂವರೆ ಗಂಟೆಯ ಹೋರಾಟದ ತರುವಾಯ ಕುಲ್ಹಾವಿಯವರು ಒಂದೇ ಒಂದು ಸೆಕೆಂಡಿನ ಅಂತರದಿಂದ ಗೆದ್ದರು.

ಆದಕಾರಣ ಎಷ್ಟು ಭಾರವನ್ನು ತೆಗೆದೆವೆಂಬುದಕ್ಕೆ ಮುಂಚೆ ಎಲ್ಲಿಂದ ತೆಗೆದೆವೆಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕು; ನನ್ನ ಮತದಲ್ಲಿ ಮೊದಲು ಕೈಯಿಡತಕ್ಕದ್ದು ಗಾಲಿಗೆ. ಗಾಲಿಯ ಅಂಚಿನಲ್ಲಿರುವ ಭಾರವನ್ನು ಮುಂದಕ್ಕೆ ಒಯ್ಯುವುದು ಮಾತ್ರವಲ್ಲದೆ ತಿರುಗಿಸಲೂ ಬೇಕಾಗಿರುವುದರಿಂದ, ವೇಗವನ್ನು ಹೆಚ್ಚಿಸುವ ಪ್ರತಿಯೊಂದು ಕ್ಷಣದಲ್ಲಿಯೂ ಅಲ್ಲಿನ ನೂರು ಗ್ರಾಮು ಇನ್ನೂರು ಗ್ರಾಮಿನಷ್ಟು ಶ್ರಮವನ್ನು ಬೇಡುತ್ತದೆ. ಒಂದೇ ವೇಗದ ದೀರ್ಘ ಆರೋಹಣದಲ್ಲಿ ಈ ಭೇದ ಕಾಣದು. ಆದರೆ ತಿರುವುತಿರುವಿಗೂ ನಿಧಾನಿಸಿ ಮತ್ತೆ ನುಗ್ಗಬೇಕಾದ ಕಾಡುದಾರಿಯಲ್ಲಿ ಅದು ಕಾಲಿಗೆ ನಿಚ್ಚಳವಾಗಿ ತಿಳಿಯುತ್ತದೆ. ಇಲ್ಲಿ ಅತ್ಯಲ್ಪ ವೆಚ್ಚದ ಸುಧಾರಣೆಯೆಂದರೆ ಟೈರಿನೊಳಗಿನ ಟ್ಯೂಬನ್ನು ತೆಗೆದುಹಾಕುವುದು. ರಿಮ್ಮೂ ಟೈರೂ ಟ್ಯೂಬ್‌ಲೆಸ್ ಪದ್ಧತಿಗೆ ಹೊಂದುವಂಥವಾಗಿದ್ದರೆ, ರಿಮ್ಮಿನ ರಂಧ್ರಗಳನ್ನು ಪಟ್ಟಿಯಿಂದ ಮುಚ್ಚಿ, ಹೊಸ ವಾಲ್ವನ್ನು ಕೂಡಿಸಿ, ರಬ್ಬರು ಹಾಲಿನಿಂದ ಮಾಡಿದ ಸೀಲೆಂಟ್ ದ್ರವವನ್ನು 80-100 ಮಿಲಿಲೀಟರಿನಷ್ಟು ಸುರಿದು ಗಾಳಿ ತುಂಬಿದರಾಯಿತು. ಗಾಲಿಯೊಂದಕ್ಕೆ ಉಳಿಯುವ ತೂಕ ಸುಮಾರು ನೂರು ಗ್ರಾಮು ಮಾತ್ರವಾದರೂ ನಿಜವಾದ ಲಾಭ ಬೇರೆಯೇ ಉಂಟು. ಟ್ಯೂಬಿದ್ದಾಗ ಗಾಳಿಯನ್ನು ಕಡಮೆ ಮಾಡಿದರೆ ಅದು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ತೂತಾಗುತ್ತದೆಯಾದ್ದರಿಂದ 35 ಪಿಎಸ್‌ಐ ಒತ್ತಡವನ್ನಾದರೂ ಇಡಬೇಕಾಗುತ್ತದೆ. ಟ್ಯೂಬಿಲ್ಲದಾಗ ಅದೇ ಸವಾರನು 22ರ ಆಸುಪಾಸಿಗೆ ಇಳಿಯಬಹುದು. ಮೆದುವಾದ ಟೈರು ಕಲ್ಲನ್ನು ತನ್ನೊಳಕ್ಕೆ ತಗ್ಗಿಸಿಕೊಂಡು ಉರುಳುವುದರಿಂದ, ಸವಾರನ ದೇಹವನ್ನು ಪ್ರತಿಯೊಂದು ಉಬ್ಬಿನ ಮೇಲೂ ಎತ್ತಿಹಾಕುವ ವ್ಯರ್ಥಶ್ರಮ ತಪ್ಪಿ, ಒರಟು ನೆಲದಲ್ಲಿ ಹಿಡಿತವೂ ವೇಗವೂ ಒಟ್ಟಿಗೆ ಹೆಚ್ಚುತ್ತವೆ. ನಮ್ಮ ಬಯಲುಸೀಮೆಯಲ್ಲಿ ಇದಕ್ಕೆ ಇನ್ನೊಂದು ಪ್ರಯೋಜನವೂ ಇದೆ: ಜಾಲಿಮುಳ್ಳು ಚುಚ್ಚಿದ ಸಣ್ಣ ತೂತನ್ನು ಆ ದ್ರವವು ಗಾಲಿ ತಿರುಗುತ್ತಿರುವಂತೆಯೇ ಮುಚ್ಚಿಬಿಡುತ್ತದೆ. ಬಿಸಿಲಿನಲ್ಲಿ ಅದು ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ನೋಡಿ ಮತ್ತೆ ತುಂಬತಕ್ಕದ್ದು.

ಗೇರಿನ ವಿಷಯದಲ್ಲಿ 2012ರಲ್ಲಿ ಸ್ರ್ಯಾಮ್ ಕಂಪನಿಯು ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಹನ್ನೊಂದು ಎಂಬ ಏರ್ಪಾಡನ್ನು ಹೊರತಂದದ್ದು ದೊಡ್ಡ ಪರಿವರ್ತನೆ. ಮುಂದಿನ ಹೆಚ್ಚುವರಿ ಚಕ್ರಗಳೂ ಅವುಗಳ ಗೇರು ಬದಲಿಸುವ ಸಾಧನವೂ ಕೇಬಲ್ಲೂ ಒಮ್ಮೆಲೆ ಹೊರಟುಹೋದವು. ಇಂದು ಮುಂದೆ 32 ಹಲ್ಲು, ಹಿಂದೆ 10ರಿಂದ 51 ಹಲ್ಲುಗಳವರೆಗಿನ ಹನ್ನೆರಡು ಚಕ್ರಗಳಿದ್ದರೆ ಅತಿ ಕಡಿದಾದ ಏರಿಗೂ ಸಾಲುತ್ತದೆ. ಆದರೆ 10 ಹಲ್ಲಿನ ಚಕ್ರವು ಹಳೆಯ ಹಬ್ಬಿನ ಮೇಲೆ ಕೂರದು. ಆ ಹಬ್ಬು 11 ಹಲ್ಲಿಗಿಂತ ಕಿರಿದನ್ನು ಒಪ್ಪುವುದಿಲ್ಲ. ಇದನ್ನರಿಯದೆ ಗೇರನ್ನು ಮೊದಲು ಕೊಂಡವನು ಬಳಿಕ ಗಾಲಿಯನ್ನೂ ಕೊಳ್ಳಬೇಕಾಗಿ ಬರಬಹುದು. ಗಾಲಿಗೆ ಮೊದಲ ಸ್ಥಾನವೆಂದು ನಾನು ಹೇಳುವುದಕ್ಕೆ ಇದು ಎರಡನೆಯ ಕಾರಣ. ಅತ್ಯುಚ್ಚ ದರ್ಜೆಯ ಗೇರಿಗಿಂತ ನಡುವಣ ದರ್ಜೆಯದೇ ಲೇಸು. ಕೆಲವು ನೂರು ಗ್ರಾಮು ಹೆಚ್ಚಾದರೂ ಉಕ್ಕಿನ ಹಲ್ಲುಗಳು ಬಹುಕಾಲ ಬಾಳುತ್ತವೆ.

ಒಂದೇ ಏಟಿಗೆ ಕಿಲೋದಷ್ಟು ತೂಕವನ್ನು ಇಳಿಸುವ ಅವಯವ ಮುಂದಿನ ಫೋರ್ಕು. ಅಗ್ಗದ ಬೈಸಿಕಲ್ಲಿನ ಸ್ಪ್ರಿಂಗ್ ಫೋರ್ಕು ಎರಡೂವರೆ ಕಿಲೋ ತೂಗಿದರೆ, ಒಳಗೆ ಗಾಳಿಯನ್ನು ತುಂಬಿದ ಒಳ್ಳೆಯ ಫೋರ್ಕು ಒಂದೂವರೆ ಕಿಲೋ ಆಸುಪಾಸಿನಲ್ಲಿದ್ದು, ಸವಾರನ ತೂಕಕ್ಕೆ ತಕ್ಕಂತೆ ಹದಗೊಳ್ಳುತ್ತದೆ. ಹಾಗೆಂದು ಎಲ್ಲ ಫೋರ್ಕುಗಳೂ ಎಲ್ಲ ಫ್ರೇಮುಗಳಿಗೂ ಹೊಂದುವುದಿಲ್ಲ. ಫೋರ್ಕಿಗಾದರೆ ಫ್ರೇಮಿನ ಕತ್ತಿನ ಕೊಳವೆಯ ವ್ಯಾಸ, ಗಾಲಿಗಾದರೆ ಹಿಂಬದಿಯ ಹಬ್ಬಿನ ಅಗಲ 135, 142, 148 ಮಿಲಿಮೀಟರುಗಳಲ್ಲಿ ಯಾವುದು, ಅಕ್ಷದಂಡದ ಬಗೆ ಯಾವುದು ಎಂಬುದನ್ನು ಅಳೆದು ಬರೆದಿಟ್ಟುಕೊಳ್ಳದೆ ಅಂಗಡಿಯ ಮೆಟ್ಟಿಲು ಹತ್ತಬಾರದು. ಹಳೆಯ ಅಳತೆಯ ಫ್ರೇಮಾದರೆ, ಅದಕ್ಕೆ ಹಣ ಸುರಿಯುವುದಕ್ಕಿಂತ ಹೊಸ ಫ್ರೇಮಿನಿಂದಲೇ ಕಟ್ಟಲಾರಂಭಿಸುವುದು ಜಾಣತನ. ಸೀಟು, ಹಿಡಿಕೆಗಳ ಮಾತನ್ನು ಬೆಳಸಬೇಕಾಗಿಲ್ಲ. ಅವು ದೇಹಕ್ಕೆ ಒಗ್ಗಿದರೆ ಸಾಕು.

ಭಾರವನ್ನು ತೆಗೆಯಕೂಡದ ಸ್ಥಾನಗಳೂ ಇವೆ. ಬ್ರೇಕನ್ನು ಬಿಗಿದ ಉಕ್ಕಿನ ಬೋಲ್ಟಿನ ಬದಲು ಅಲ್ಯೂಮಿನಿಯಂ ಬೋಲ್ಟನ್ನು ಹಾಕಿ ಉಳಿಸುವ ಕೆಲವೇ ಗ್ರಾಮು, ಪ್ರಾಣವನ್ನು ಪಣವಾಗಿ ಒಡ್ಡಿ ಗಳಿಸಿದ ಗ್ರಾಮು. ಕಾರ್ಬನ್ ನಾರಿನ ಹ್ಯಾಂಡಲ್ಲು ಹಗುರವೂ ದೃಢವೂ ಆದ ಉತ್ತಮ ವಸ್ತುವೇ ಸರಿ. ಆದರೆ ಅಲ್ಯೂಮಿನಿಯಂ ಬಗ್ಗಿ ಮುನ್ಸೂಚನೆ ಕೊಡುವ ಕಡೆಯಲ್ಲಿ ಇದು ಥಟ್ಟನೆ ಮುರಿಯಬಲ್ಲುದು. ಅದನ್ನು ಕೂಡಿಸುವಾಗ ಕೈಯಂದಾಜಿಗೆ ಬಿಗಿಯದೆ, ತಯಾರಕರು ಸೂಚಿಸಿದ, ಸಾಮಾನ್ಯವಾಗಿ 4ರಿಂದ 6 ನ್ಯೂಟನ್ ಮೀಟರುಗಳಷ್ಟಿರುವ ಬಿಗಿತವನ್ನು ಟಾರ್ಕ್ ಪಾನದಿಂದಲೇ ಅಳೆದು ಕೊಡಿರಿ. ಬಲವಾಗಿ ಬಿದ್ದ ಮೇಲೆ ಹ್ಯಾಂಡಲ್ಲನ್ನು ಕಳಚಿ, ಬೆಳಕಿನಲ್ಲಿ ಸುತ್ತಲೂ ಪರೀಕ್ಷಿಸಿರಿ. ಕೂದಲೆಳೆಯಷ್ಟು ಬಿರುಕು ಕಂಡರೂ, ಅದಕ್ಕೆಷ್ಟು ಬೆಲೆ ಕೊಟ್ಟಿದ್ದರೂ, ಅದನ್ನು ಮರಳಿ ಬಳಸದಿರಿ.