ಸವಾಯಿ ಗಂಧರ್ವ: ಒಲಿಯದ ದನಿಯನ್ನ ಒಲಿಸಿಕೊಂಡವರು

ಒಪೆರಾ ಅಂದ್ರೆ ನಮಗೆ ನೆನಪಾಗೋದು ಪವರೊಟ್ಟಿ. ಮೈಕ್ ಇಲ್ಲದೆ, ವೇಷ ಕಟ್ಟಿ, ಕೊನೆಯ ಸಾಲಿನವರಿಗೂ ಕೇಳುವಂತೆ ಹಾಡೋ ಕಲೆ ಅದು. ಇಂಥದ್ದೇ ಕಲೆಯಲ್ಲಿ ಹೆಸರು ಮಾಡಿದ ಒಬ್ಬ ಗಾಯಕ ನಮ್ಮ ಕುಂದಗೋಳದಲ್ಲೂ ಇದ್ದರು. ಹೆಸರು ರಾಮಭಾವು ಕುಂದಗೋಳಕರ್. ಜನ ಕರೆದದ್ದು ಸವಾಯಿ ಗಂಧರ್ವ ಅಂತ.

1886ರಲ್ಲಿ ಹುಟ್ಟಿದ ಈ ಹುಡುಗನಿಗೆ ಹಾಡಿನ ಹುಚ್ಚಿತ್ತು. ಆದರೆ ಹರೆಯದಲ್ಲಿ ದನಿ ಒಡೆದು ಗಡುಸಾಯ್ತು, ಹೇಳಿದ ಮಾತು ಕೇಳದಾಯ್ತು. ಅಂಥ ಗಂಟಲನ್ನ ಪಳಗಿಸಿದವರು ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್. ವರ್ಷಗಟ್ಟಲೆ ಸಾಧನೆ. ಒಂದೊಂದು ಸ್ವರವನ್ನೂ ತಿದ್ದಿ ತೀಡಿ ನಿಲ್ಲಿಸಿದರು.

ನಾನು ಅಷ್ಟೂರದವಳು. ನಮ್ಮೂರಿನ ಗುಮ್ಮಟದಾಗ ಮಲಗಿರೋ ಬಹಮನಿ ಸುಲ್ತಾನ ಅಹಮದ್ ಷಾನನ್ನ ಮುಸ್ಲಿಮರು ವಲಿ ಅಂತಾರ, ಲಿಂಗಾಯತರು ಅಲ್ಲಮಪ್ರಭು ಅಂತಾರ. ಉತ್ತರದ ಕೈರಾನಾದ ಉಸ್ತಾದರು ಕುಂದಗೋಳದ ಹುಡುಗನನ್ನ ತಮ್ಮವನಾಗಿ ಮಾಡಿಕೊಂಡದ್ದು ನಮಗೆ ಸೋಜಿಗ ಅನ್ನಿಸೋದಿಲ್ಲ.

ಸೋಜಿಗ ಮುಂದಿನದು. ಗುರುವಿನ ಮನಸ್ಸಿಗೆ ಒಪ್ಪದಿದ್ದರೂ ಶಿಷ್ಯ ಮರಾಠಿ ನಾಟಕ ಕಂಪನಿ ಸೇರಿದರು. ಅದು ಸಂಗೀತ ನಾಟಕಗಳ ಕಾಲ. ನಾಟಕದ ನಡುವೆ ಹಾಡು ಬಂದರೆ ಜನ ‘ಒನ್ಸ್ ಮೋರ್’ ಅಂತ ಕೂಗೋರು. ಅದೇ ಹಾಡು ಮತ್ತೆ ಮೊದಲಿನಿಂದ! ಸ್ತ್ರೀ ಪಾತ್ರಗಳಲ್ಲೂ ಹೆಸರು ಬಂತು. ಆಗ ಬಾಲ ಗಂಧರ್ವರು ರಂಗಭೂಮಿಯ ದೊಡ್ಡ ತಾರೆ. ಇವರು ಅವರಿಗಿಂತ ಕಾಲು ಪಾಲು ಹೆಚ್ಚು ಅಂತ ‘ಸವಾಯಿ’ ಪಟ್ಟ ಕೊಟ್ಟರು. ಸವಾಯಿ ಅಂದ್ರೆ ಒಂದೂಕಾಲು.

ಕಂಪನಿಯ ದಿನಗಳು ಮುಗಿದ ಮೇಲೆ ಅವರಿಗೆ ಕುಂದಗೋಳವೇ ಗುರುಕುಲ. ಗದಗಿನಿಂದ ಮನೆ ಬಿಟ್ಟು ಊರೂರು ಅಲೆದ ಭೀಮಸೇನ ಜೋಶಿ ಕೊನೆಗೆ ನಿಂತದ್ದು ಇವರ ಬಾಗಿಲಲ್ಲೇ. ಪಾಠಕ್ಕಿಂತ ಮುಂಚೆ ನೀರು ಹೊತ್ತರು, ಮನೆಗೆಲಸ ಮಾಡಿದರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು ಕಲಿತು ಹೋಗೋರು. ಒಂದೇ ಸ್ವರಗುಚ್ಛವನ್ನ ಮತ್ತೆ ಮತ್ತೆ ಹಾಡಿಸ್ತಿದ್ದರು ಗುರುಗಳು. ತಮ್ಮ ಗಂಟಲು ಕಲಿಸಿದ ಪಾಠ ಅದು: ಆತುರಕ್ಕೆ ಸ್ವರ ಒಲಿಯೋದಿಲ್ಲ.

1940ರ ದಶಕದ ಶುರುವಿನಲ್ಲಿ ಪಾರ್ಶ್ವವಾಯು ಬಡೀತು. ಅಷ್ಟು ಕಷ್ಟಪಟ್ಟು ಗಳಿಸಿದ ದನಿಗೆ ಕಛೇರಿ ದೂರವಾಯ್ತು. ಹಾಡುಗಾರನಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದಿದೆ? ಆದರೆ ಅಷ್ಟರಲ್ಲಿ ಅವರ ಹಾಡು ಬೇರೆ ಗಂಟಲುಗಳಿಗೆ ದಾಟಿತ್ತು. 1946ರಲ್ಲಿ ಗುರುವಿನ ಅರವತ್ತರ ಸಂಭ್ರಮಕ್ಕೆ ಪುಣೆಯಲ್ಲಿ ಭೀಮಸೇನ ಹಾಡಿದಾಗ ಊರೇ ತಿರುಗಿ ನೋಡಿತು.

1952ರಲ್ಲಿ ಸವಾಯಿ ಗಂಧರ್ವ ತೀರಿಕೊಂಡರು. ಮರುವರ್ಷವೇ ಪುಣೆಯಲ್ಲಿ ಅವರ ಹೆಸರಿನ ಉತ್ಸವ ಶುರು. ಮುಂದೆ ಗಂಗೂಬಾಯಿಗೆ ಪದ್ಮವಿಭೂಷಣ, ಭೀಮಸೇನರಿಗೆ ಭಾರತರತ್ನ ಬಂತು. ಕುಂದಗೋಳದ ನಾಡಿಗೇರ ವಾಡೆಯಲ್ಲೂ ಅವರ ನೆನಪಿಗೆ ಸಂಗೀತ ನಡೀತದೆ.

ನಮ್ಮ ಕಾಲದಲ್ಲಿ ಮೂರು ತಿಂಗಳ ಕೋರ್ಸಿಗೆ ಸರ್ಟಿಫಿಕೇಟ್ ಸಿಗ್ತದೆ, ಆರು ತಿಂಗಳಿಗೆ ಪ್ರಮೋಷನ್ ಬರದಿದ್ದರೆ ನಿದ್ದೆ ಬರೋದಿಲ್ಲ. ಅಂಥ ಹೊತ್ತಿಗೆ ಅವರ ಹಳೆಯ 78 ಆರ್‌ಪಿಎಂ ಧ್ವನಿಮುದ್ರಿಕೆಯೊಂದನ್ನ ಹುಡುಕಿ ಕೇಳಿ. ಮೂರೇ ಮೂರು ನಿಮಿಷದ್ದು, ಹಿಂದೆ ಚರಚರ ಸದ್ದು. ಇಯರ್‌ಫೋನ್ ಹಾಕ್ಕೊಂಡು, ಬೇರೆ ಏನೂ ಮಾಡದೆ ಕೇಳಿ. ಆಮೇಲೆ ಭೀಮಸೇನರನ್ನ ಹಚ್ಚಿ. ಆ ದನಿಯೊಳಗೆ ಈ ದನಿ ಸಿಕ್ಕೇ ಸಿಗ್ತದೆ.